ಗಟ್ಟಿ ಬೆಳ್ಳಿ ಅಂತ ಹೇಳಿ ರಾಳ ತುಂಬಿದ ಕ್ಯಾಂಡಲ್ ಸ್ಟ್ಯಾಂಡ್ ಕಳಿಸಿದ್ದೀರಿ

ನಮಸ್ಕಾರ,

ಹೋದ ತಿಂಗಳು ನಿಮ್ಮಿಂದ ಒಂದು ಜೊತೆ ಹಳೇ ಇಂಗ್ಲಿಷ್ ಬೆಳ್ಳಿ ಕ್ಯಾಂಡಲ್ ಸ್ಟ್ಯಾಂಡ್ ತರಿಸಿಕೊಂಡೆ. ಅಪ್ಪ ಅಮ್ಮನ ಮದುವೆಗೆ 50 ವರ್ಷ ತುಂಬುತ್ತದೆ, ಮನೆಯ ಆಲ್ತಾರಿನ ಎರಡೂ ಬದಿಗೆ ಇಡೋಣ ಅಂತ. ನಿಮ್ಮ ಜಾಹೀರಾತಿನಲ್ಲಿ ಇದ್ದದ್ದು "ಶೆಫೀಲ್ಡ್, 1790ರ ಸುಮಾರು, ಗಟ್ಟಿ ಎರಕದ ಬೆಳ್ಳಿ, ಜೋಡಿ ತೂಕ 1,480 ಗ್ರಾಂ". ನಾನು ಕೊಟ್ಟದ್ದು 1,85,000 ರೂಪಾಯಿ.

ಪಾರ್ಸೆಲ್ ಬಿಚ್ಚಿದಾಗ ಖುಷಿಯಾಗಿದ್ದು ನಿಜ. ಕಂಬದ ಗೆರೆ, ಬುಡದ ಮಣಿಸಾಲು ಎಲ್ಲ ಚೆಂದ. ಆದರೆ ಬುಡಕ್ಕೆ ಹಸಿರು ಬಟ್ಟೆ ಯಾಕೆ ಅಂಟಿಸಿದ್ದಾರೆ? ಎರಕ ಹೊಯ್ದದ್ದಾದರೆ ತಿರುಗಿಸಿದಾಗ ಒಳಗಡೆಯೂ ಬೆಳ್ಳಿಯೇ ಕಾಣಬೇಕು, ಅಲ್ವಾ? ನಮ್ಮ ಪೇಟೆಯ ಅಕ್ಕಸಾಲಿಗರಿಗೆ ತೋರಿಸಿದೆ. ಅವರು ಬೆರಳಲ್ಲಿ ತಟ್ಟಿದರೆ ಟಣ್ ಅನ್ನಲಿಲ್ಲ, ಮಣ್ಣಿನ ಗೋಡೆ ತಟ್ಟಿದ ಹಾಗೆ ಸದ್ದು, ಬಟ್ಟೆಯ ಮೂಲೆ ಎತ್ತಿ ನೋಡಿದರೆ ಒಳಗೆಲ್ಲ ಡಾಂಬರಿನಂಥ ಕಪ್ಪು ರಾಳ. ಬೆಳ್ಳಿ ಅನ್ನೋದು ಮೇಲಿನ ತೆಳು ತಗಡು ಮಾತ್ರ. "ರಾಳಕ್ಕೂ ಬೆಳ್ಳಿ ರೇಟು ಕೊಟ್ಟು ಬಂದಿದ್ದೀರಲ್ಲಮ್ಮ" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ತಗಡಿನ ಕೆಲಸ ಕೀಳು ಅಂತ ನನ್ನ ತಕರಾರಲ್ಲ. 18ನೇ ಶತಮಾನದ ಕೊನೆಗೆ ಶೆಫೀಲ್ಡಿನವರು ತಗಡನ್ನು ಉಕ್ಕಿನ ಅಚ್ಚಿಗೆ ಒತ್ತಿ, ತುಂಡು ಬೆಸೆದು, ಅಲ್ಲಾಡದಿರಲಿ ಅಂತ ಒಳಗೆ ರಾಳ ತುಂಬಿ ಬೇಕಾದಷ್ಟು ಮಾಡಿದ್ದಾರೆ. ಎರಕದ್ದು ಕೊಳ್ಳಲಾಗದವರ ಊಟದ ಮೇಜಿನ ಮೇಲೂ ಬೆಳ್ಳಿ ಹೊಳೆಯಿತು, ನೆಂಟರ ಮುಂದೆ ದೊಡ್ಡಸ್ತಿಕೆಗೆ ಅಷ್ಟು ಸಾಕಿತ್ತು. ಅದನ್ನ ಹಾಗೇ ಹೇಳಿ ಮಾರಿದ್ದರೆ ಕೊಳ್ಳುತ್ತಿದ್ದೆನೋ ಏನೋ. ಈ ಬೆಲೆಗಂತೂ ಅಲ್ಲ.

ಇನ್ನು ವಯಸ್ಸು. ಸಿಂಹದ ಮುದ್ರೆ ಇದೆ, ಅಂದರೆ ತಗಡು 92.5 ಶುದ್ಧ. ಕಿರೀಟ ಇದೆ, ಅದು ಶೆಫೀಲ್ಡಿನ ಗುರುತು. ರಾಜನ ತಲೆ ಎಲ್ಲಿ? 1784ರ ಕೊನೆಯಿಂದ 1890ರವರೆಗೆ ಸುಂಕ ಕಟ್ಟಿದ್ದಕ್ಕೆ ಅದನ್ನ ಒತ್ತುತ್ತಿದ್ದರು. 1790ರ ಮಾಲಾದರೆ ಇರಬೇಕಿತ್ತು. ಸವೆದಿದೆ ಅನ್ನಬೇಡಿ, ಪಕ್ಕದ ಸಿಂಹದ ಬಾಲ ಕೂಡ ಕಾಣುತ್ತಿದೆ.

ಫೋನ್ ಮಾಡಿದರೆ ನಿಮ್ಮ ಹುಡುಗ "ಆಂಟಿಕ್‌ಗೆ ರಿಟರ್ನ್ ಇಲ್ಲ ಮೇಡಂ" ಅಂದ. ಹೇಳಿದಷ್ಟು ಆಂಟಿಕ್ ಆಗಿದ್ದರೆ ತಾನೇ!

15 ದಿನದೊಳಗೆ ಪೂರ್ತಿ ಹಣ ವಾಪಸ್ ಬರಬೇಕು, ಕೊರಿಯರ್ ಖರ್ಚು ನಿಮ್ಮದೇ. ಇಲ್ಲದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಬಿಲ್ಲು, ಮುದ್ರೆಗಳ ಫೋಟೋ, ಜಾಹೀರಾತಿನ ಸ್ಕ್ರೀನ್‌ಶಾಟ್ ಜೊತೆಗಿವೆ. ಬಟ್ಟೆಯ ಮೂಲೆ ಎತ್ತಿದ್ದು ನಾವೇ, ಅದನ್ನ ಡ್ಯಾಮೇಜ್ ಅಂತ ಹಿಡಿದುಕೊಂಡು ದುಡ್ಡು ಮುರಿಯಲು ಬರಬೇಡಿ.