ಕಡ್ಡಿಹುಳ ಸಾಕುವುದು ಸುಲಭ, ಮೊಟ್ಟೆ ಲೆಕ್ಕ ಇಡುವುದು ಕಷ್ಟ

ಸಂಪಾದಕರಿಗೆ ನಮಸ್ಕಾರ,

ರಜೆಯಲ್ಲಿ ಮಕ್ಕಳಿಗೆ ಯಾವ ಪ್ರಾಣಿ ಸಾಕಲು ಕೊಡಬಹುದು ಅಂತ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ನಾಯಿ, ಬೆಕ್ಕು, ಮೀನು ಎಲ್ಲ ಇತ್ತು. ಕೊನೆಗೆ ಒಂದೇ ಸಾಲಿನಲ್ಲಿ, ವಿದೇಶದಲ್ಲಿ ಕಡ್ಡಿಹುಳವನ್ನೂ (ಒಣಕಡ್ಡಿಯ ಹಾಗೆ ಕಾಣುವ, ಎಲೆ ತಿನ್ನುವ ಕೀಟ) ಸಾಕುತ್ತಾರೆ, ಖರ್ಚಿಲ್ಲ, ತೊಂದರೆಯೂ ಇಲ್ಲ ಅಂತ ಬರೆದು ಮುಗಿಸಿದ್ದೀರಿ. ಖರ್ಚಿಲ್ಲ ಅನ್ನೋದು ನಿಜ. ತೊಂದರೆ ಇಲ್ಲ ಅನ್ನೋದಕ್ಕೆ ಮಾತ್ರ ನನ್ನ ತಕರಾರಿದೆ. ನಾನು ಶಿವಮೊಗ್ಗದವಳು, ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ, ಮೂರು ವರ್ಷದಿಂದ ನಮ್ಮನೆಯಲ್ಲಿ ಕಡ್ಡಿಹುಳಗಳಿವೆ.

ಬೇಸಿಗೆ ರಜೆಗೆ ಮುಂಚೆ ಮಗಳ ಶಾಲೆಯವರು ಆರು ವಾರ ನೋಡಿಕೊಳ್ಳಿ ಅಂತ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹತ್ತು ಹುಳ ಹಾಕಿ ಕಳಿಸಿದರು. ರಜೆ ಮುಗಿದ ಮೇಲೆ ವಾಪಸ್ ಕೊಡಲು ಹೋದರೆ, ಪರವಾಗಿಲ್ಲ, ನೀವೇ ಇಟ್ಟುಕೊಳ್ಳಿ, ನಮ್ಮಲ್ಲಿ ಬೇಕಾದಷ್ಟಿವೆ ಅಂದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಇಲ್ಲಿ ಶಾಲೆಗಳಲ್ಲಿ ಇಟ್ಟುಕೊಳ್ಳುವುದು ಹೆಚ್ಚಾಗಿ ಇಂಡಿಯನ್ ಸ್ಟಿಕ್ ಇನ್ಸೆಕ್ಟ್ ಅನ್ನೋ ಜಾತಿಯನ್ನು. ಇದರ ಮೂಲ ಹುಡುಕಿದರೆ ನಮ್ಮ ನೆರೆಹೊರೆಯದೇ, ಕೊಡೈಕೆನಾಲ್ ಹತ್ತಿರದ ಶೆಂಬಗನೂರು. 1901ರಲ್ಲಿ ದೆ ಸಿನೆಟಿ ಅನ್ನೋ ಫ್ರೆಂಚ್ ಪಾದ್ರಿ ಇದನ್ನು ಮೊದಲು ವರ್ಣಿಸಿ ಹೆಸರಿಟ್ಟರು, ಈಗ ಕರಾಸಿಯಸ್ ಮೊರೋಸಸ್ ಅಂತ ಕರೆಯುತ್ತಾರೆ. ಅಲ್ಲಿಂದ ಯುರೋಪಿನ ಲ್ಯಾಬ್‌ಗಳಿಗೆ, ಆಮೇಲೆ ಶಾಲೆಗಳಿಗೆ, ಕೊನೆಗೆ ನಮ್ಮ ಅಡುಗೆಮನೆ ಕಿಟಕಿಗೆ. ಕಡ್ಡಿಹುಳ ಸಾಕುವವರದ್ದೇ ಒಂದು ಸಂಘ ಇಲ್ಲಿದೆ, ಫಾಸ್ಮಿಡ್ ಸ್ಟಡಿ ಗ್ರೂಪ್ ಅಂತ, 1980ರಲ್ಲಿ ಶುರುವಾಗಿದ್ದು. ತಾವು ಸಾಕುವ ಜಾತಿಗಳಿಗೆ ಅವರು ನಂಬರ್ ಕೊಟ್ಟಿದ್ದಾರೆ. ಶೆಂಬಗನೂರಿನದ್ದಕ್ಕೆ ಒಂದನೇ ನಂಬರ್. ಏನೋ ಒಂದು ಹೆಮ್ಮೆ, ಸುಮ್ನೆ.

ಸಾಕುವುದೇನೋ ಸಲೀಸು. ಬೇಲಿಯಲ್ಲಿ ಪುಕ್ಕಟೆ ಸಿಗುವ ಬ್ಲ್ಯಾಕ್‌ಬೆರಿ ಮುಳ್ಳಿನ ರೆಂಬೆ ತಂದು ನೀರಿನ ಬಾಟಲಿಯಲ್ಲಿಟ್ಟು, ಮರಿಗಳು ಒಳಗೆ ಬಿದ್ದು ಸಾಯದ ಹಾಗೆ ಬಾಯಿಗೆ ಹತ್ತಿ ತುರುಕಿ, ಸಂಜೆ ಎಲೆಗೆ ಸ್ವಲ್ಪ ನೀರು ಚಿಮುಕಿಸಿದರೆ ಮುಗಿಯಿತು. ಚಳಿಗಾಲದಲ್ಲಿ ಐವಿ ಬಳ್ಳಿಯ ಎಲೆ. ಆದರೆ ಅಂಗಡಿಯದ್ದು ಬೇಡ. ನಾನು ಒಂದು ಸಲ ಸೋಮಾರಿತನಕ್ಕೆ ಅಂಗಡಿಯಿಂದ ಐವಿ ಕುಂಡ ತಂದಿಟ್ಟೆ, ಅದಕ್ಕೆ ಯಾವ ಔಷಧಿ ಹೊಡೆದಿದ್ದರೋ ಏನೋ, ಬೆಳಗಾಗುವಷ್ಟರಲ್ಲಿ ನಾಲ್ಕು ಹುಳ ಡಬ್ಬಿಯ ತಳದಲ್ಲಿ ಬಿದ್ದಿದ್ದವು. ಮಗಳು, ಅವು ಸತ್ತಂತೆ ನಟಿಸುತ್ತಿವೆ ಅಮ್ಮ, ಅಂದಳು. ಮುಟ್ಟಿದರೆ ಕಾಲೆಲ್ಲ ಮೈಗೆ ಅಂಟಿಸಿಕೊಂಡು ಕಡ್ಡಿಯ ಹಾಗೆ ಬಿದ್ದುಕೊಳ್ಳುವ ಅಭ್ಯಾಸ ಇವಕ್ಕೆ ಇದೆ, ಹಾಗಾಗಿ ಮಧ್ಯಾಹ್ನದವರೆಗೂ ಅವಳು ಕಾದಳು.

ಇನ್ನೊಂದು, ಡಬ್ಬಿ ಎತ್ತರವಾಗಿರಬೇಕು, ಹುಳದ ಉದ್ದದ ಮೂರು ಪಟ್ಟಾದರೂ. ಇವು ಪೊರೆ ಬಿಡುವುದು ತಲೆಕೆಳಗಾಗಿ ನೇತುಬಿದ್ದು. ನಾನು ಒಂದು ರಾತ್ರಿ ಕುಳಿತು ನೋಡಿದ್ದೇನೆ. ಹಿಂಗಾಲಿನಲ್ಲಿ ರೆಂಬೆ ಹಿಡಿದು ಜೋತುಬಿತ್ತು, ತಲೆಯ ಹಿಂದೆ ಬೆನ್ನ ಮೇಲೆ ಚರ್ಮ ಸೀಳಿತು, ಅಲ್ಲಿಂದ ಹಳೇ ಕೊಡೆಯ ಕವರ್‌ನಿಂದ ಕೊಡೆ ಎಳೆದ ಹಾಗೆ ನಿಧಾನಕ್ಕೆ ಕೆಳಗೆ ಜಾರಿತು. ಕಾಲುಗಳು ನೆಂದ ಶ್ಯಾವಿಗೆಯಷ್ಟು ಮೆತ್ತಗೆ. ಆಮೇಲೆ ತಿರುಗಿ ಮೇಲೆ ಹತ್ತಿ ತನ್ನದೇ ಪೊರೆಯನ್ನು ಚೂರೂ ಬಿಡದೆ ತಿಂದಿತು. ಕೆಳಗೆ ಜಾಗ ಸಾಲದೆ ತಳಕ್ಕೆ ತಗುಲಿದರೆ ಕಾಲು ಸೊಟ್ಟ ಆಗುತ್ತೆ, ಕೆಲವು ಸಲ ಸತ್ತೇ ಹೋಗುತ್ತೆ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಉಳಿದ ಆರು ಹುಳ ಸೆಪ್ಟೆಂಬರ್ ಹೊತ್ತಿಗೆ ಅರ್ಧ ಗೇಣಿನಷ್ಟು ಬೆಳೆದವು. ಗಂಡು ಯಾವುದು ಅಂತ ಹುಡುಕಿದೆವು. ಇರಲಿಲ್ಲ! ಈ ಜಾತಿಯಲ್ಲಿ ಗಂಡು ಕಾಣುವುದೇ ಅಪರೂಪ, ಹೆಣ್ಣುಗಳು ಗಂಡಿನ ಹಂಗಿಲ್ಲದೆ ಮೊಟ್ಟೆ ಇಡುತ್ತವೆ, ಅದರಿಂದ ಮತ್ತೆ ಹೆಣ್ಣೇ ಹುಟ್ಟುತ್ತೆ. ದಿನಕ್ಕೆ ಎರಡು ಮೂರರಂತೆ ಒಂದೊಂದೂ ಜೀವಮಾನದಲ್ಲಿ ನೂರಾರು ಮೊಟ್ಟೆ. ಎಲ್ಲೂ ಅಂಟಿಸುವುದಿಲ್ಲ, ಹಾಗೇ ಕೆಳಗೆ ಉದುರಿಸುತ್ತವೆ. ರಾತ್ರಿ ಲೈಟ್ ಆರಿಸಿದ ಮೇಲೆ ಪ್ಲಾಸ್ಟಿಕ್ ಮೇಲೆ ಟಿಕ್, ಟಿಕ್ ಅಂತ ಕೇಳಿಸುತ್ತಿತ್ತು. ನಾನು ನಲ್ಲಿ ಸೋರುತ್ತಿದೆ ಅಂದುಕೊಂಡಿದ್ದೆ.

ಶಾಲೆಯವರು ಮೊಟ್ಟೆಯ ಮಾತೇ ಎತ್ತಿರಲಿಲ್ಲ. ಡಬ್ಬಿಯ ತಳದಲ್ಲಿರುವುದೆಲ್ಲ ಹಿಕ್ಕೆ ಅಂತ ನಾನು ಗುಡಿಸಿ ಕಸಕ್ಕೆ ಹಾಕುತ್ತಿದ್ದೆ, ಒಂದಷ್ಟು ಕಿಟಕಿಯ ಸಂದಿಗೂ ಬಿದ್ದಿರಬೇಕು. ಮೂರು ನಾಲ್ಕು ತಿಂಗಳಿಗೆ ಒಡೆಯುತ್ತವೆ. ಜನವರಿಯಲ್ಲಿ ಒಂದು ಬೆಳಿಗ್ಗೆ ಪರದೆಯ ಮೇಲೆ ದಾರದ ಎಳೆಯಂಥ ಮರಿಗಳು ಓಡಾಡುತ್ತಿದ್ದವು. ಒಂದು ಸಕ್ಕರೆ ಡಬ್ಬಿಯ ಮುಚ್ಚಳದ ಮೇಲಿತ್ತು.

ದಸರಾ ಮುಗಿಸಿಕೊಂಡು ಬಂದ ಅಮ್ಮ ಆಗ ಇನ್ನೂ ಇಲ್ಲೇ ಇದ್ದರು. ಮೊದಲ ದಿನ ಡಬ್ಬಿ ನೋಡಿ, 'ಇಂಥವು ನಮ್ಮ ಹಿತ್ತಲ ಪೇರಲೆ ಗಿಡದಲ್ಲೂ ಇದ್ವಲ್ಲೇ, ಇದಕ್ಕೆ ವಿಮಾನ ಹತ್ತಿ ಬರಬೇಕಿತ್ತಾ' ಅಂದವರು. ಮರಿಗಳನ್ನು ನೋಡಿದ ಮೇಲೆ ಕನ್ನಡಕ ಹಾಕಿಕೊಂಡು, ಡಬ್ಬಿಯ ಕಸವನ್ನು ತಟ್ಟೆಗೆ ಸುರಿದುಕೊಂಡು ಅಕ್ಕಿ ಆರಿಸುವ ಹಾಗೆ ಆರಿಸಲು ಕೂತರು. ಹಿಕ್ಕೆ ಉದ್ದಕ್ಕೆ, ಒರಟು. ಮೊಟ್ಟೆ ಸಾಸಿವೆ ಕಾಳಿನಷ್ಟು, ಕಂದು, ತುದಿಯಲ್ಲಿ ಹಳದಿ ಗುಬುಟು. ಕಾಡಿನಲ್ಲಿ ಇರುವೆಗಳು ಆ ಗುಬುಟಿನ ಆಸೆಗೆ ಇಂಥ ಮೊಟ್ಟೆಯನ್ನು ಗೂಡಿಗೆ ಹೊತ್ತುಕೊಂಡು ಹೋಗುತ್ತವಂತೆ. ಅಮ್ಮ ಒಂದೇ ವಾರದಲ್ಲಿ ನೂರಕ್ಕಿಂತ ಜಾಸ್ತಿ ಆರಿಸಿದರು.

ಇಷ್ಟೊಂದು ಮೊಟ್ಟೆ ಇಡುವುದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದಲ್ಲಿ 1918ರಲ್ಲಿ ಹಡಗಿನಿಂದ ಇಳಿದ ಇಲಿಗಳು ಅಲ್ಲಿನ ದಪ್ಪ ಕಡ್ಡಿಹುಳವನ್ನು ತಿಂದು ಮುಗಿಸಿದ್ದವು. 2001ರಲ್ಲಿ ಹತ್ತಿರದ ಒಂದು ಕಡಿದಾದ ಬಂಡೆಯ ಮೇಲೆ ಬೆರಳೆಣಿಕೆಯಷ್ಟು ಸಿಕ್ಕವು, 2003ರಲ್ಲಿ ಎರಡು ಜೋಡಿ ಕೆಳಗೆ ತಂದರು. ಮೆಲ್ಬರ್ನ್ ಮೃಗಾಲಯಕ್ಕೆ ಹೋದ ಜೋಡಿಯ ಸಂತತಿಯೇ ಆಮೇಲೆ ಸಾವಿರಗಟ್ಟಲೆ ಆಯಿತು. ಆದರೆ ಇದೇ ಗುಣ ತಪ್ಪು ಜಾಗದಲ್ಲಿದ್ದರೆ? ನಮ್ಮ ಶೆಂಬಗನೂರಿನ ಹುಳ ಕ್ಯಾಲಿಫೋರ್ನಿಯಾದಲ್ಲಿ, ದಕ್ಷಿಣ ಆಫ್ರಿಕಾದ ಕೇಪ್ ಕಡೆ ಹೊರಗೆ ಬಿದ್ದು ತೋಟಗಳಲ್ಲಿ ನೆಲೆಸಿದೆ. ಇಲ್ಲಿನ ಕಾರ್ನ್‌ವಾಲ್‌ನಲ್ಲಿ ನ್ಯೂಜಿಲೆಂಡಿನ ಕಡ್ಡಿಹುಳಗಳು ಗಿಡಗಳ ಜೊತೆ ಬಂದು ಸುಮಾರು ನೂರು ವರ್ಷದಿಂದ ಬದುಕಿವೆ.

ಅದಕ್ಕೇ ನಿಮ್ಮ ಓದುಗರಲ್ಲಿ ಯಾರಾದರೂ ಆ ಒಂದು ಸಾಲು ಓದಿ ಹೊರದೇಶದ ಕಡ್ಡಿಹುಳದ ಮೊಟ್ಟೆ ತರಿಸುವ ಯೋಚನೆಯಲ್ಲಿದ್ದರೆ, ದಯವಿಟ್ಟು ಬೇಡ. ಇಲ್ಲಿನ ಚಳಿ ಅವನ್ನು ಹೊರಗೆ ಹರಡದ ಹಾಗೆ ತಡೆಯುವಷ್ಟೂ ನಮ್ಮೂರಿನ ಹವೆ ತಡೆಯಲ್ಲ, ಕಿಟಕಿಯಿಂದ ಹೊರಗೆ ಬಿದ್ದದ್ದು ಬದುಕಿಕೊಳ್ಳಬಹುದು. ನಿಮ್ಮ ಹಿತ್ತಲಲ್ಲೇ ಒಂದು ಸಿಕ್ಕರೆ, ಅಭಯಾರಣ್ಯದಿಂದ ಹಿಡಿದು ತರಬೇಡಿ ಮತ್ತೆ, ಅದು ಕೂತಿದ್ದ ಗಿಡದ್ದೇ ರೆಂಬೆ ಇಟ್ಟು ಎರಡು ದಿನ ಮಕ್ಕಳಿಗೆ ತೋರಿಸಿ, ಅದೇ ಗಿಡಕ್ಕೆ ವಾಪಸ್ ಬಿಡಿ. ಕಾಲು ಹಿಡಿದು ಎಳೆಯಬೇಡಿ, ಕಳಚಿಕೊಂಡು ಬರುತ್ತೆ. ಮುಂದಿನ ಸಲ ಇದರ ಬಗ್ಗೆ ಬರೆಸಿದರೆ ಮೊಟ್ಟೆಯ ವಿಷಯಕ್ಕೆ ಒಂದು ಪ್ಯಾರಾನಾದರೂ ಕೊಡಿ.

ನಮ್ಮನೆಯಲ್ಲಿ ಈಗ ಎಂಟು ಇವೆ. ವರ್ಷಕ್ಕೆ ಹತ್ತು ಮೊಟ್ಟೆ ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಒಂದು ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಟ್ಟು ಸಾಯಿಸಿ, ಆಮೇಲೆ ಕಸಕ್ಕೆ ಹಾಕುತ್ತೇವೆ. ಕಾಯಿತುರಿಯ ಪಕ್ಕದಲ್ಲಿರುವ ಆ ಡಬ್ಬಿಯ ಮೇಲೆ ಮಗಳು ಅಜ್ಜಿಗೆ ಅರ್ಥವಾಗಲಿ ಅಂತ ಕನ್ನಡದಲ್ಲಿ ಚೀಟಿ ಅಂಟಿಸಿದ್ದಾಳೆ: 'ಸಾಸಿವೆ ಅಲ್ಲ'.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಲೆಸ್ಟರ್, ಇಂಗ್ಲೆಂಡ್