ಯಾವ ಬ್ಯಾರಲ್ ಅಂತ ನೋಡ್ದೆ ಫಿಟ್ ಮಾಡಿರೋ ಬಗ್ಗೆ ದೂರು, ನನ್ನ ಹಳೇ ಬ್ಯಾರಲ್ ವಾಪಸ್ ಕೊಡಿ

ನಮಸ್ಕಾರ ಸರ್,

ಹೋದ ತಿಂಗಳು ನಿಮ್ಮ ವರ್ಕ್‌ಶಾಪಿಗೆ ಒಂದು ಹಳೇ ಮ್ಯಾಚ್ ಏರ್‌ರೈಫಲ್, ಅಂದ್ರೆ ಸ್ಪರ್ಧೆಲಿ ಗುರಿ ಹೊಡೆಯೋ ಏರ್‌ಗನ್, ತಂದುಕೊಟ್ಟಿದ್ನಲ್ಲ, ಫೈನ್‌ವೆರ್ಕ್‌ಬಾವ್ 300ಎಸ್, ಪಕ್ಕದ ಲಿವರ್ ಎಳೆದು ಲೋಡ್ ಮಾಡೋದು, ನಮ್ಮ ಮಾವನವರದ್ದು, ಅದರ ವಿಷ್ಯ. ಮೂರು ಸಲ ಫೋನ್ ಮಾಡ್ದೆ, ಮೂರೂ ಸಲ ನಿಮ್ಮ ಹುಡುಗ ಓನರ್ ಊಟಕ್ಕೆ ಹೋಗಿದಾರೆ ಅಂದ, ಅದ್ರಲ್ಲಿ ಒಂದು ಸಲ ಸಂಜೆ ಐದೂವರೆ. ಅದಕ್ಕೇ ಬರೆದು ಕಳಿಸ್ತಿದೀನಿ.

ನಾನು ಕೊಡುವಾಗ ಹೇಳಿದ್ದು ಇಷ್ಟೇ, ಬ್ಯಾರಲ್ ಒಳಗೆ ತುಕ್ಕು ಇರ್ಬೋದು, ಕ್ಲೀನ್ ಮಾಡಿ ನೋಡಿ, ಆಗ್ಲಿಲ್ಲ ಅಂದ್ರೆ ಕೇಳಿ ಮುಂದುವರೀರಿ. ನೀವು ಕೇಳ್ದೆ ಬ್ಯಾರಲ್ಲೇ ಚೇಂಜ್ ಮಾಡಿ, ಅದೇ ಕಂಪ್ನಿದು ಒರಿಜಿನಲ್ ಸಾರ್ ಅಂತ ₹9,500 ಇಸ್ಕೊಂಡ್ರಿ. ಬಿಲ್ಲಲ್ಲಿ "ಬ್ಯಾರಲ್ 1" ಅಂತ ಬಿಟ್ರೆ ಇನ್ನೇನೂ ಇಲ್ಲ.

10 ಮೀಟರ್ ಟಾರ್ಗೆಟ್ಟಲ್ಲಿ 10 ಅನ್ನೋ ಚುಕ್ಕೆ ಅರ್ಧ ಮಿಲಿಮೀಟರ್ ಸರ್. ಮೊದಲು ಐದು ಪೆಲೆಟ್ (ಏರ್‌ಗನ್ ಗುಂಡು) ಹೊಡೆದ್ರೆ ಒಂದೇ ತೂತು ಬೀಳ್ತಿತ್ತು, ಈಗ ಕಡ್ಲೆಪುರಿ ಚೆಲ್ಲಿದಂಗೆ ಬೀಳುತ್ತೆ. ನಾನು ಪೀಣ್ಯದಲ್ಲಿ 22 ವರ್ಷದಿಂದ ಇನ್‌ಸ್ಪೆಕ್ಷನ್ ಕೆಲ್ಸ ಮಾಡೋನು, ಬಿಚ್ಚಿ ನೋಡ್ದೆ.

ಬ್ಯಾರಲ್ಲಿನ ಹಿಂದಿನ ತುದಿ ಸಣ್ಣ ಸೈಜು, ಅದು ಕೂರೋ ಬ್ಲಾಕಲ್ಲಿ ಲೂಸ್ ಆಗಿದೆ, ಅದಕ್ಕೆ ನೀವು ಕೂಲ್‌ಡ್ರಿಂಕ್ ಕ್ಯಾನ್ ಕತ್ತರಿಸಿ ಸುತ್ತಿದೀರ. ಕೆಂಪು ಬಣ್ಣ, ಅದರ ಮೇಲೆ ಅರ್ಧ ಅಕ್ಷರ ಇನ್ನೂ ಓದೋಕೆ ಬರುತ್ತೆ. ಬ್ಯಾರಲ್ ಮೈಮೇಲೆ ಕ್ಯಾಲಿಬರ್ (ತೂತಿನ ಅಳತೆ) ಇಲ್ಲ, ಕಂಪ್ನಿ ಗುರುತಿಲ್ಲ, ಎಮರಿ ಹಚ್ಚಿ ಉಜ್ಜಿರೋ ಗೀರು ಮಾತ್ರ ಇದೆ, ಹಂಗಿದ್ಮೇಲೆ ಒರಿಜಿನಲ್ ಅಂತ ಯಾವುದನ್ನ ನೋಡಿ ಹೇಳಿದ್ರಿ? ಒಂದು ಪೆಲೆಟ್ಟಿಗೆ ಎಣ್ಣೆ ಮುಟ್ಸಿ ಹಿಂದಿನಿಂದ ಕ್ಲೀನಿಂಗ್ ರಾಡಲ್ಲಿ ನಿಧಾನಕ್ಕೆ ತಳ್ಳಿದೆ. ಒಳ್ಳೇ ಮ್ಯಾಚ್ ಬ್ಯಾರಲ್ ಸಾಮಾನ್ಯವಾಗಿ ಬಾಯಿ, ಅಂದ್ರೆ ಮುಂದಿನ ತುದಿ ಹತ್ರ ಒಂಚೂರು ಬಿಗಿ ಆಗುತ್ತೆ, ಅದನ್ನೇ ಚೋಕ್ ಅನ್ನೋದು, ಇದ್ರಲ್ಲಿ ಕೊನೆವರೆಗೂ ಜಾರಿಕೊಂಡು ಬಂದು ಪುಸಕ್ಕಂತ ಈಚೆ ಬಿತ್ತು. ಯಾಕೆ ಅಂದ್ರೆ ಉದ್ದ ಸರಿಹೊಂದ್ಲಿ ಅಂತ ನೀವು ಮುಂದಿನ ತುದಿನೇ ಗರಗಸದಲ್ಲಿ ಕೊಯ್ದಿದೀರ, ಚೋಕ್ ಇದ್ದಿದ್ರೂ ಅದರ ಜೊತೆ ಹೋಯ್ತು. ಕಿವಿಗೆ ಹಾಕೋ ಹತ್ತಿ ಕಡ್ಡಿನ ಬಾಯಿ ಒಳಗೆ ಇಟ್ಟು ತಿರುಗಿಸಿ ಈಚೆ ಎಳೆದ್ರೆ ಒಂದೇ ಪಕ್ಕ ನೂಲು ಸಿಕ್ಕಾಕೊಳ್ಳುತ್ತೆ, ಅಷ್ಟು ಬರ್, ಅಂದ್ರೆ ಕೊಯ್ದ ಅಂಚಿನ ಚೂಪು ಮುಳ್ಳು ಇದೆ. ಪೆಲೆಟ್ ಬಾಯಿ ಬಿಡೋ ಕ್ಷಣದಲ್ಲಿ ಗಾಳಿ ಒಂದು ಕಡೆಯಿಂದ ಮೊದ್ಲು ನುಗ್ಗಿದ್ರೆ ಅದು ನೆಟ್ಟಗೆ ಹೋಗುತ್ತಾ? ಹಿಂದುಗಡೆ ಗಾಳಿ ಸೋರದಂಗೆ ತಡೆಯೋ ಸೀಲೂ ಸರಿಯಾಗಿ ಕೂತಿಲ್ಲ, ಟಿಶ್ಯೂ ಪೇಪರ್ ಚೂರು ಹಿಡಿದು ಹೊಡೆದ್ರೆ ಪಟಪಟ ಅನ್ನುತ್ತೆ.

ಇಷ್ಟನ್ನೂ ಅಂಗಡಿಗೆ ಬಂದು ಹೇಳಿದ್ರೆ ನಿಮ್ಮ ಹುಡುಗ ಏನಂದ ಗೊತ್ತಾ, "ಏರ್‌ಗನ್ ತಾನೇ ಸಾರ್, ಬಲೂನ್ ಹೊಡೆಯೋಕೆ ಸಾಕು". ಕಡ್ಲೆಕಾಯಿ ಪರಿಷೆಲಿ ಬಲೂನ್ ಅಂಗಡಿ ಇಡೋಕೆ ನಾನು ಇದನ್ನ ತಂದಿದ್ದಲ್ಲ. 4.5 ಎಂಎಂ, ಹೊಡೆತದ ಶಕ್ತಿ 20 ಜೂಲ್ ಒಳಗಿಂದು, ಲೈಸೆನ್ಸ್ ಬೇಡ ನಿಜ, ಹಂಗಂತ ಆಟದ ಸಾಮಾನಲ್ಲ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದೂ 10 ಮೀಟರ್ ಏರ್‌ರೈಫಲ್ಲಲ್ಲೇ.

ದುಡ್ಡಿಗಿಂತ ಮುಖ್ಯವಾಗಿ ನನಗೆ ಬೇಕಿರೋದು ನೀವು ಬಿಚ್ಚಿಟ್ಕೊಂಡಿರೋ ನನ್ನ ಹಳೇ ಬ್ಯಾರಲ್. ತುಕ್ಕು ಇದ್ರೂ ಅದು ಆ ರೈಫಲ್‌ದೇ. ಗುಜರಿಗೆ ಹಾಕಿದ್ರೆ ಹಾಗಂತ ಬರೆದುಕೊಡಿ. ಜೊತೆಗೆ ₹9,500 ವಾಪಸ್, ಈ ಬ್ಯಾರಲ್ ಎಲ್ಲಿಂದ ಬಂತು ಅನ್ನೋ ಬಿಲ್ಲಿನ ಕಾಪಿ. ಕ್ಯಾನ್ ತುಂಡು, ಹತ್ತಿ ಕಡ್ಡಿ, ಐದು ಟಾರ್ಗೆಟ್ ಫೋಟೋ ಇದರ ಜೊತೆ ಹಾಕಿದೀನಿ. 15 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಗ್ರಾಹಕರ ಸಹಾಯವಾಣಿ 1915ಗೆ ಕಂಪ್ಲೇಂಟ್ ಕೊಟ್ಟು, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ.

ಶನಿವಾರ ಹನ್ನೊಂದು ಗಂಟೆಗೆ ನಾನೇ ಬರ್ತೀನಿ. ಊಟದ ಹೊತ್ತಲ್ಲ ಅದು.

ಇಂತಿ,
ಹನುಮಂತನಗರದಿಂದ ನಿಮ್ಮ ಗಿರಾಕಿ