ಹಳೆಯ ಅಂಚೆ ಕಛೇರಿಯ ಬೀಗ ತೆಗೆಸಿ: ಲೋಕಸಭಾ ಸದಸ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರೇ,

ಮೈಸೂರಿನ ಪೇಟೆಯೊಳಗಿನ ನಮ್ಮ ಹಳೆಯ ಅಂಚೆ ಕಛೇರಿಯನ್ನು ‘ದುರಸ್ತಿಗಾಗಿ’ ಮುಚ್ಚಿ ವರ್ಷಗಳೇ ಕಳೆದಿವೆ. ದುರಸ್ತಿಯ ಹೆಸರಿನಲ್ಲಿ ಇದುವರೆಗೆ ನಡೆದಿರುವುದು ಬೀಗ ಬದಲಾಯಿಸಿದ್ದೊಂದೇ. ಅಂಚೆ ಇಲಾಖೆಯ ನಿಯಮಗಳಾಗಲಿ, ಪಾರಂಪರಿಕ ಕಟ್ಟಡಗಳ ನಿಯಮಗಳಾಗಲಿ ತಮಗೆ ತಿಳಿಯದ್ದಲ್ಲವಾದ್ದರಿಂದ ಅವನ್ನಿಲ್ಲಿ ಒಪ್ಪಿಸುವುದಿಲ್ಲ. ಕಟ್ಟಡವನ್ನು ಕೆಡವದೆ ದುರಸ್ತಿ ಮಾಡಿಸಿ, ಮತ್ತೆ ತೆರೆಯಿಸಿ ಎಂಬುದಷ್ಟೇ ನನ್ನ ಬೇಡಿಕೆ.

ಬಾಗಿಲಿಗೆ ಬೀಗ ಜಡಿದವರು ಗೋಡೆಯ ಕೆಂಪು ಡಬ್ಬವನ್ನು ಮರೆತರು. ಡಬ್ಬವಿದ್ದ ಮೇಲೆ ಕಾಗದ ತೆಗೆಯಲು ಯಾರಾದರೂ ಬಂದೇ ಬರುತ್ತಾರೆಂದು ನಂಬಿದ ನನ್ನ ತಾಯಿ, ಮೊಮ್ಮಗಳ ಲಗ್ನಪತ್ರಿಕೆಗಳಿಗೆ ಅರಿಶಿನ ಹಚ್ಚಿ, ನಡುಗುವ ಕೈಯಲ್ಲಿ ತಾವೇ ವಿಳಾಸ ಬರೆದು, ಅದರೊಳಗೆ ಹಾಕಿದರು. ಒಂದೂ ತಲುಪಲಿಲ್ಲ. ಕರೆಯದ ಮನೆಗೆ ಬರುವುದಿಲ್ಲವೆಂದ ನಂಜನಗೂಡಿನ ಸೋದರಮಾವ ಇಂದಿಗೂ ನಮ್ಮ ಹೊಸ್ತಿಲು ತುಳಿದಿಲ್ಲ. ಡಬ್ಬ ತೆರೆಸಿರೆಂದು ಸಂಬಂಧಪಟ್ಟವರಲ್ಲಿಗೆ ಹೋದರೆ, ಕಛೇರಿ ಮುಚ್ಚಿರುವುದರಿಂದ ಆ ಡಬ್ಬ ದಾಖಲೆಯಲ್ಲಿಲ್ಲ ಎಂಬ ಉತ್ತರ ಬಂತು. ದೂರಿದ್ದರೆ ಬರೆದು ಅಂಚೆಯಲ್ಲಿ ಕಳುಹಿಸಬೇಕಂತೆ! ದಾಖಲೆಯಲ್ಲಿಲ್ಲದ ಆ ಡಬ್ಬಕ್ಕೆ ದಸರೆಗೆ ಬಣ್ಣ ಬಳಿಯುವುದನ್ನು ಮಾತ್ರ ಯಾರೂ ಮರೆಯುವುದಿಲ್ಲ.

ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ಅಂಚೆ ಏರ್ಪಾಡು ಮಾಡಿದ, 1889ರಲ್ಲಿ ಬ್ರಿಟಿಷರ ಅಂಚೆಯೊಡನೆ ವಿಲೀನವಾಗುವವರೆಗೆ ಸಂಸ್ಥಾನವು ತನ್ನದೇ ಅಂಚೆಯನ್ನು ನಡೆಸಿದ ಸೀಮೆಯಿದು. ಆ ಚರಿತ್ರೆಯನ್ನು ಹೇಳಲು ಈ ಕಟ್ಟಡಕ್ಕಿಂತ ತಕ್ಕ ಜಾಗ ಯಾವುದು? ಗಾರೆ ಗೋಡೆಯ, ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಸಿದ ‘ಮದ್ರಾಸ್ ತಾರಸಿ’ಯ ಕಟ್ಟಡವದು. ತಾರಸಿಯ ಬಿರುಕಿನಲ್ಲಿ ನೀರಿಳಿದರೆ ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ, ಮೇಲೆ ಸಿಮೆಂಟು ಮೆತ್ತಿದರೆ ತೇವ ಹೊರಬರಲಾಗದೆ ಅಲ್ಲೇ ಉಳಿಯುತ್ತದೆ. 2012ರಲ್ಲಿ ಇದೇ ಊರಿನ ಪಾರಂಪರಿಕ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ವರ್ಷಗಟ್ಟಲೆ ಮಳೆಗೆ ಬಿಟ್ಟು, ಆಮೇಲೆ ‘ಶಿಥಿಲವಾಗಿದೆ, ಕೆಡವಬೇಕು’ ಎನ್ನುವ ಜಾಣತನವನ್ನು ಈ ಊರು ಸಾಕಷ್ಟು ಕಂಡಿದೆ.

ದುರಸ್ತಿ ಅಸಾಧ್ಯವೆನ್ನುವವರನ್ನು ದಯವಿಟ್ಟು ಬೆಂಗಳೂರಿನ ಮ್ಯೂಸಿಯಂ ರಸ್ತೆಗೆ ಕಳುಹಿಸಿ. ಅಲ್ಲಿನ 1804ರ ಅಂಚೆ ಕಟ್ಟಡವನ್ನು ಜೀರ್ಣೋದ್ಧಾರ ಮಾಡಿ ‘ಸಂದೇಶ’ ಎಂಬ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಬೆಂಗಳೂರಿಗಾದದ್ದು ಮೈಸೂರಿಗೇಕಾಗದು? ಮುಂದಿನ ಹಜಾರದಲ್ಲಿ ಅಂಚೆ ಕೌಂಟರು, ಹಿಂದಿನ ಕೋಣೆಗಳಲ್ಲಿ ಮೈಸೂರು ಅಂಚೆಯ ಚರಿತ್ರೆ ಹೇಳುವ ಪ್ರದರ್ಶನ ಮತ್ತು ಒಂದು ವಾಚನಾಲಯ, ಇಷ್ಟು ಸಾಕು. ಮುಂದಿನ ಮುಂಗಾರಿಗೆ ಮುಂಚೆ ತಾರಸಿಯನ್ನು ಗಾರೆಯಲ್ಲೇ ಸರಿಪಡಿಸಿ ಬಾಗಿಲು ತೆರೆಯಿಸಿ. ಅಲ್ಲಿಯವರೆಗೆ ಆ ಡಬ್ಬದ ಬೀಗದ ಕೈ ಯಾರ ಬಳಿಯಿದೆ ಎಂಬುದನ್ನಾದರೂ ಸಂಬಂಧಪಟ್ಟವರಿಂದ ಬರೆಸಿ ತರಿಸಿಕೊಡಿ.

ಇತಿ,
ಮೈಸೂರಿನ ಒಬ್ಬ ಮತದಾರ